ರೊಟ್ಟಿ ಸರಿ, ಗಿರಣಿಯದೇ ತಕರಾರು

ನನಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ತಿನ್ನುವಂತಿಲ್ಲ ಅಂದ ಕೂಡಲೇ ಕಲಬುರಗಿಯಲ್ಲಿ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು. "ಅದಕ್ಕೇನ್ರಿ, ಜೋಳದ ರೊಟ್ಟಿ ಅದಲ್ಲ, ಅದನ್ನೇ ತಿನ್ರಿ." ಮಾತು ಸುಳ್ಳಲ್ಲ. ಮೂರು ಹೊತ್ತೂ ಗೋಧಿ ತಿನ್ನುವ ಪಂಜಾಬಿನಲ್ಲಿ ಹುಟ್ಟಿದ್ದರೆ ನನ್ನ ಗತಿ ಇನ್ನೂ ಕಷ್ಟ ಇತ್ತು. ಆದರೆ ರೊಟ್ಟಿ ತಟ್ಟೆಗೆ ಬರುವ ಮೊದಲು ಎಲ್ಲೆಲ್ಲಿ ಸುತ್ತಿ ಬರುತ್ತದೆ ಅಂತ ಯಾರೂ ಯೋಚಿಸಿರುವುದಿಲ್ಲ. ಹೊಲ, ಕಾಳು ಮಾರುವ ಗಂಜ್, ಗಿರಣಿ, ಸಾಣಿಗೆ, ಪರಾತ, ಹಂಚು. ಇಷ್ಟು ಕಡೆಯೂ ಗೋಧಿ ಕೂತಿರುತ್ತದೆ. ಅದನ್ನು ಒಂದೊಂದೇ ಜಾಗದಿಂದ ಎಬ್ಬಿಸುವುದೇ ನನಗೆ ದೊಡ್ಡ ಕೆಲಸ ಆಯಿತು.

ಕಾಯಿಲೆ ಗೊತ್ತಾಗಿದ್ದು ಹೊಟ್ಟೆಯಿಂದಲ್ಲ, ರಕ್ತದಿಂದ. ನಾನು ಪ್ರಾಥಮಿಕ ಶಾಲೆಯ ಟೀಚರ್. ಮಗಳು ಹುಟ್ಟಿದ ಮೇಲೆ ಹಿಮೋಗ್ಲೋಬಿನ್ ಇಳಿದಿದ್ದು ಮತ್ತೆ ಏರಲೇ ಇಲ್ಲ. 7, 8, ಅಲ್ಲೇ ಓಡಾಡುತ್ತಿತ್ತು. ಕಬ್ಬಿಣದ ಮಾತ್ರೆ ನುಂಗಿದೆ, ಟಾನಿಕ್ ಕುಡಿದೆ, ಬೀಟ್‌ರೂಟ್ ತಿಂದೆ, ಖರ್ಜೂರ ತಿಂದೆ, ಅವ್ವ ಹೇಳಿದ್ದು, ಅತ್ತಿ ಹೇಳಿದ್ದು ಎಲ್ಲಾ ಆಯಿತು. ಬಾಯಲ್ಲಿ ಹುಣ್ಣು, ಬಾಚಣಿಗೆ ತುಂಬ ಕೂದಲು, ಮೂರನೇ ಪೀರಿಯಡ್ ಹೊತ್ತಿಗೆ ಕುರ್ಚಿ ಬೇಕೇ ಬೇಕು. ಊಟ ಆದ ಮೇಲೆ ಹೊಟ್ಟೆ ಉಬ್ಬುತ್ತಿತ್ತು ನಿಜ, ಆದರೆ ಅದನ್ನು ಗ್ಯಾಸ್ ಅಂತ ಬಿಟ್ಟಿದ್ದರು. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರೋದು ಮಾಮೂಲಿ ಅಂದ ಡಾಕ್ಟರುಗಳೇ ಜಾಸ್ತಿ. ಕೊನೆಗೆ ಒಬ್ಬ ಡಾಕ್ಟರಮ್ಮ ಹಳೇ ರಿಪೋರ್ಟುಗಳನ್ನೆಲ್ಲ ಟೇಬಲ್ ಮೇಲೆ ಹರವಿಕೊಂಡು, "ಮಾತ್ರೆ ತಗೋತಾ ಇದ್ದೀರಿ ಸರಿ, ಅದು ಮೈಗೆ ಹತ್ತುತ್ತಾ ಇದೆಯಾ ಅಂತ ಯಾರಾದರೂ ನೋಡಿದ್ದಾರಾ?" ಅಂತ ಕೇಳಿದರು. ಯಾರೂ ನೋಡಿರಲಿಲ್ಲ.

ಮೊದಲು ರಕ್ತದಲ್ಲಿ ಈ ಕಾಯಿಲೆಯ ಗುರುತು ಹುಡುಕುವ ಟಿಟಿಜಿ ಐಜಿಎ ಅನ್ನುವ ಪರೀಕ್ಷೆ. ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಂತು. ಆಮೇಲೆ ಎಂಡೋಸ್ಕೋಪಿ ಮಾಡಿ, ಸಣ್ಣಕರುಳಿನ ಶುರುವಿನಲ್ಲಿ ಚಿಕ್ಕ ಚಿಕ್ಕ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಇಲ್ಲಿ ಒಂದು ಮಾತು, ಯಾರಿಗಾದರೂ ಅನುಮಾನ ಇದ್ದರೆ ಇದನ್ನು ನೆನಪಿಡಿ. ಪರೀಕ್ಷೆ ಪೂರ್ತಿ ಮುಗಿಯುವವರೆಗೂ ಗೋಧಿ ಬಿಡಬಾರದು. ನಮ್ಮ ನೆಗೆಣ್ಣಿ "ಎಂಟು ದಿನ ಚಪಾತಿ ಬಿಟ್ಟು ನೋಡು, ಗೊತ್ತಾಗ್ತದ" ಅಂದಿದ್ದಳು. ಡಾಕ್ಟರಮ್ಮ ಬೇಡವೇ ಬೇಡ ಅಂದರು. ಗೋಧಿ ಬಿಟ್ಟರೆ ರಕ್ತದಲ್ಲಿನ ಗುರುತು ಇಳಿಯುತ್ತದೆ, ಕರುಳು ಮಾಯಲು ಶುರುವಾಗುತ್ತದೆ, ರಿಪೋರ್ಟ್ ಸುಳ್ಳು ಹೇಳುತ್ತದೆ.

ಬಯಾಪ್ಸಿ ರಿಪೋರ್ಟ್ ಬಂದ ದಿನ ಅವರು ಕಾಗದದ ಮೇಲೆ ಗೀಚಿ ತೋರಿಸಿದರು. ಕರುಳಿನ ಒಳಗೆ ಟರ್ಕಿ ಟವೆಲ್ಲಿನ ನೂಲಿನ ಹಾಗೆ ಎಳೆ ಎಳೆ ಎದ್ದಿರುತ್ತದಂತೆ, ಊಟದ ಸಾರ ಹೀರುವುದು ಅವೇ. ನನ್ನವು ಸವೆದು ಸಪಾಟಾಗಿವೆ. ಗೋಧಿ, ಬಾರ್ಲಿ, ರೈ ಅನ್ನುವ ಧಾನ್ಯ, ಈ ಮೂರರಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಒಳಗೆ ಹೋದಾಗಲೆಲ್ಲ ನನ್ನ ಮೈಯ ಕಾವಲು ಪಡೆ ನನ್ನ ಕರುಳಿನ ಮೇಲೇ ಬೀಳುತ್ತದೆ. ಇದು ಅಲರ್ಜಿ ಅಲ್ಲ. ಅಜೀರ್ಣವೂ ಅಲ್ಲ. ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡಿಕೊಳ್ಳುವ ಹಾಗೂ ಇಲ್ಲ. ಇದಕ್ಕೆ ಮಾತ್ರೆ ಇಲ್ಲ. ಬದುಕಿರುವವರೆಗೂ ಗ್ಲುಟೆನ್ ಬಿಡುವುದೇ ಔಷಧಿ.

ಯಾಕೆ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ ಅಂತ ಸಿಟ್ಟು ಬಂದಿತ್ತು. ಆದರೆ ಲೆಕ್ಕ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ನಮ್ಮ ದೇಶದಲ್ಲೇ ನಡೆದು 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಜಾಸ್ತಿ ಜನರಿಗೆ ಇದು ಇದೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಹತ್ತಿರ. ರೋಗಕ್ಕೆ ದಾರಿ ಮಾಡುವ ವಂಶವಾಹಿಗಳು ಎರಡೂ ಕಡೆ ಇವೆ, ತಿನ್ನುವ ಗೋಧಿಯಲ್ಲೇ ದೊಡ್ಡ ವ್ಯತ್ಯಾಸ. ನಮ್ಮ ಮಾವ "ನಮ್ಮ ಕಾಲ್ದಾಗ ಇಂಥ ಬ್ಯಾನಿ ಎಲ್ಲಿದ್ದವು" ಅಂತ ಗೊಣಗುತ್ತಿರುತ್ತಾರೆ. ಅವರದೂ ಪೂರ್ತಿ ತಪ್ಪಲ್ಲ ಅನಿಸುತ್ತದೆ. ಅವರು ಚಿಕ್ಕವರಿದ್ದಾಗ ಗೋಧಿ ಅಂದರೆ ಹಬ್ಬದ ಹೋಳಿಗೆ, ಮದುವೆಯ ಹುಗ್ಗಿ, ಅಷ್ಟೇ. ಈಗ ನಮ್ಮ ಮನೆಯಲ್ಲೇ ರಾತ್ರಿ ಚಪಾತಿ, ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಚಹಾ ಜೊತೆ ಟೋಸ್ಟ್. ಜೋಳದ ನಾಡು ಅಂತ ಹೇಳಿಕೊಳ್ಳುವ ನಾವು ದಿನಕ್ಕೆ ಎಷ್ಟು ಸಲ ಗೋಧಿ ತಿನ್ನುತ್ತೇವೆ ಅಂತ ನನಗೆ ಅದನ್ನು ಬಿಟ್ಟ ಮೇಲೇ ಲೆಕ್ಕ ಸಿಕ್ಕಿದ್ದು.

ಬಿಡುವ ಪಟ್ಟಿ ಉದ್ದ ಇತ್ತು. ಚಪಾತಿ, ಪೂರಿ, ರವೆ ಉಪ್ಪಿಟ್ಟು, ಶಾವಿಗೆ, ಹೋಳಿಗೆ, ಮಾದ್ಲಿ, ಹುಗ್ಗಿ, ಬ್ರೆಡ್, ಪಾವ್, ಬಿಸ್ಕತ್ತು, ಕೇಕ್. ಇವು ಕಣ್ಣಿಗೆ ಕಾಣುವ ಗೋಧಿ, ಬಿಡುವುದು ಸುಲಭ. ಕಾಣದ್ದೇ ಕಷ್ಟ. ಡಬ್ಬಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿ ತಿರುವಿ ಓದಿದರೆ ಅಲ್ಲೇ ಬರೆದಿರುತ್ತದೆ. ನಮ್ಮ ಬೇಳೆಸಾರಿಗೆ ದಿನಾ ಬೀಳುತ್ತಿದ್ದದ್ದು ಅದೇ! ಮಕ್ಕಳ ಹಾಲಿಗೆ ಹಾಕುವ ಮಾಲ್ಟ್ ಪುಡಿ ಬಾರ್ಲಿಯದು. ಸೋಯಾ ಸಾಸಿನಲ್ಲಿ ಗೋಧಿ. ಹೋಟೆಲಿನಲ್ಲಿ ದೋಸೆ ಗರಿಗರಿ ಬರಲಿ ಅಂತ ಹಿಟ್ಟಿಗೆ ರವೆ, ಮೈದಾ ಸೇರಿಸುವವರಿದ್ದಾರೆ. ಮಿರ್ಚಿ ಭಜಿ ಕಡಲೆಹಿಟ್ಟಿನದೇ, ಆದರೆ ಅದೇ ಬಾಣಲೆಯಲ್ಲಿ ಸ್ವಲ್ಪ ಹೊತ್ತಿನ ಹಿಂದೆ ಸಮೋಸಾ ಕರಿದಿರುತ್ತಾರೆ. ಭಜಿ ಬಿಟ್ಟಿದ್ದು ನನಗೆ ಚಪಾತಿ ಬಿಟ್ಟಿದ್ದಕ್ಕಿಂತ ಕಷ್ಟ ಆಯಿತು, ಮಳೆ ಬಂದಾಗ ಈಗಲೂ ಆಗುತ್ತದೆ.

ಪ್ಯಾಕೆಟ್ ಓದುವುದು ಒಂದು ಕೆಲಸವೇ ಆಗಿದೆ. ನಮ್ಮ ದೇಶದ ನಿಯಮದಲ್ಲಿ ಗ್ಲುಟೆನ್ ಫ್ರೀ ಅಂತ ಹಾಕಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟಬಾರದು. 20 ಮಿಲಿಗ್ರಾಂ ಅಂದರೆ ಚಿಟಿಕೆಗೂ ಕಡಿಮೆ. ಇದನ್ನು ಮನೆಯವರಿಗೆ ತಿಳಿಸಿ ಹೇಳಿದ ಮೇಲೇ ಅವರು ನನ್ನ ತಟ್ಟೆಯ ಬಗ್ಗೆ ನಗಾಡುವುದನ್ನು ಬಿಟ್ಟರು.

ಇನ್ನು ಜೋಳಕ್ಕೆ ಬರುತ್ತೇನೆ. ಜೋಳದಲ್ಲಿ ಗ್ಲುಟೆನ್ ಇಲ್ಲ ಅನ್ನುವುದಕ್ಕೆ ರೊಟ್ಟಿ ಮಾಡುವವರಿಗೆ ಬೇರೆ ಪುರಾವೆ ಬೇಕಿಲ್ಲ. ಗೋಧಿ ಹಿಟ್ಟು ತಣ್ಣೀರಲ್ಲೇ ಎಳೆ ಹಿಡಿಯುತ್ತದೆ, ಎಳೆದರೆ ಹಿಗ್ಗುತ್ತದೆ. ಜೋಳದ ಹಿಟ್ಟಿಗೆ ಆ ಅಂಟು ಇಲ್ಲ. ಅದಕ್ಕೇ ಎಸರು ಕುದಿಸಿ ಹಾಕಿ ಜಿಗಿ ಬರಿಸುತ್ತೇವೆ, ಅದಕ್ಕೇ ಕೈಯಲ್ಲಿ ಬಡಿಯುತ್ತೇವೆ. ರೊಟ್ಟಿ ಹರಿಯಬಾರದು ಅಂತ ಕೆಲವರು ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಕಲಸುತ್ತಾರೆ. ಹೊಸದಾಗಿ ರೊಟ್ಟಿ ಕಲಿಯುವವರ ಮನೆಯಲ್ಲಿ, ಕೆಲವು ಖಾನಾವಳಿಗಳಲ್ಲಿ ಇದು ನಡೆಯುತ್ತದೆ. ಹಾಗಾಗಿ ನಾನು ಖಾನಾವಳಿಗೆ ಹೋದರೆ ಮಾಲೀಕರನ್ನು ಕೇಳುವುದಿಲ್ಲ, ಒಳಗೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನೇ ಕೇಳುತ್ತೇನೆ. "ಅಕ್ಕಾ, ಇದ್ರಾಗ ಗೋಧಿ ಹಾಕಿರೇನು?" ಅವರು ಸುಳ್ಳು ಹೇಳುವುದಿಲ್ಲ. ಹಾಕದವರಿಗೆ ಆ ಪ್ರಶ್ನೆಯೇ ಅವಮಾನ, ಮುಖ ನೋಡಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಆರು ತಿಂಗಳ ಮೇಲಿನ ಪರೀಕ್ಷೆಯಲ್ಲಿ ಟಿಟಿಜಿ ಇಳಿದಿತ್ತು, ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಡಯಟಿಷಿಯನ್ ಹುಡುಗಿ ಒಂದು ಗಂಟೆ ಕೂತು ನಾನು ತಿನ್ನುವುದನ್ನೆಲ್ಲ ಬರೆದುಕೊಂಡಳು. ಎಲ್ಲಾ ಸರಿ ಇತ್ತು. ಕೊನೆಗೆ, "ಹಿಟ್ಟು ಎಲ್ಲಿ ಬೀಸಿಸ್ತೀರಿ?" ಅಂದಳು.

ನಮ್ಮ ಓಣಿಯ ಗಿರಣಿ ಗೊತ್ತಿದ್ದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸಾಲಾಗಿ ಡಬ್ಬಿಗಳು. ಜೋಳ, ಗೋಧಿ, ಗೋಧಿ, ಸಜ್ಜೆ, ಮತ್ತೆ ಗೋಧಿ. ಮೇಲೆ ಕಾಳು ಸುರಿದರೆ ಕೆಳಗೆ ಬಟ್ಟೆಯ ತೋಳಿನಿಂದ ಬಿಸಿ ಬಿಸಿ ಹಿಟ್ಟು ಇಳಿಯುತ್ತದೆ. ಹಿಂದಿನವರ ಗೋಧಿ ಹಿಟ್ಟು ಕಲ್ಲಿನ ಸಂದಿಯಲ್ಲಿ ಇರುತ್ತದೆ, ಆ ಬಟ್ಟೆಯ ಮಡಿಕೆಯಲ್ಲಿ ಇರುತ್ತದೆ, ಗಿರಣಿ ಕಾಕಾ ಕೋಲಿನಿಂದ ಎರಡು ಸಲ ಬಡಿದಾಗ ಕೆಳಗೆ ಉದುರುವುದು ನಮ್ಮ ಡಬ್ಬಿಗೇ. ಗೋಡೆ, ಸ್ವಿಚ್ಚು, ಕಾಕಾನ ಹುಬ್ಬು, ಎಲ್ಲಾ ಬೆಳ್ಳಗೆ. ಹೋಗಿ ವಿಷಯ ಹೇಳಿದೆ. ಕಾಕಾ ಪಾಪ ಒಳ್ಳೆಯವರು. "ಅಕ್ಕೋರ, ನೀವು ಮುಂಜಾನೆ ಬರ್ರಿ, ಎಲ್ಲಾರ್ಕಿಂತ ಮೊದ್ಲು ನಿಮ್ದೇ ಹಾಕ್ತೀನಿ" ಅಂದರು. ಹಾಕಿಯೂ ಕೊಟ್ಟರು. ಆದರೆ ರಾತ್ರಿ ಕೊನೆಗೆ ಬೀಸಿದ್ದು ಯಾರದ್ದೋ ಗೋಧಿ, ಅದು ಅಲ್ಲೇ ಕೂತಿರುತ್ತಲ್ಲ. ದಿನಾ ಕಲ್ಲು ಬಿಚ್ಚಿ ತೊಳೆಯಿರಿ ಅಂತ ಯಾರಿಗೆ ಹೇಳುವುದು, ಅದು ಅವರ ಹೊಟ್ಟೆಪಾಡು.

ಅವ್ವ ಊರಿನ ಬೀಸುಕಲ್ಲು ಕಳಿಸುತ್ತೇನೆ ಅಂದಳು. ನಾನು ಮತ್ತು ಅತ್ತಿ ಎದುರಾ ಬದುರಾ ಕೂತು ಬೀಸುವ ದೃಶ್ಯ ನೆನೆಸಿಕೊಂಡು ನಮ್ಮನೆಯವರು ಬಹಳ ನಕ್ಕರು. ನಕ್ಕಿದ್ದಕ್ಕೆ ದಂಡವನ್ನೂ ಅವರೇ ಕಟ್ಟಿದರು. ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ಕರೆಂಟ್ ಗಿರಣಿ ಬರುತ್ತದೆ, 15-20 ಸಾವಿರದ ಆಸುಪಾಸು, ಮನೆಯ ಮಾಮೂಲಿ ಕರೆಂಟಿಗೇ ಓಡುತ್ತದೆ. ಹೊಸದನ್ನೇ ತಂದೆವು, ಹಳೆಯದು ಅಗ್ಗಕ್ಕೆ ಸಿಕ್ಕರೂ ಅದರಲ್ಲಿ ಗೋಧಿ ಬೀಸಿರದೆ ಇರುತ್ತಾರಾ? ಅದರ ಮೇಲೆ ಮಗಳು "ಗೋಧಿಗೆ ಪ್ರವೇಶವಿಲ್ಲ" ಅಂತ ಚೀಟಿ ಅಂಟಿಸಿದ್ದಾಳೆ. ಸದ್ದು ಮಾತ್ರ ಜಾಸ್ತಿ, ಪಕ್ಕದ ಮನೆಯವರು ಮಧ್ಯಾಹ್ನ ಮಲಗಿರುವಾಗ ಹಾಕುವ ಹಾಗಿಲ್ಲ.

ಗಿರಣಿ ಬಂದ ಮೇಲೆ ಕಾಳಿನ ಸರದಿ. ಹಿಂಗಾರಿಯಲ್ಲಿ ನಮ್ಮ ಕಡೆ ಜೋಳ, ಕಡಲೆ, ಗೋಧಿ ಅಕ್ಕಪಕ್ಕದ ಹೊಲದಲ್ಲೇ ಬೆಳೆಯುತ್ತವೆ, ಒಂದೇ ಕಣ, ಒಂದೇ ಮಷಿನ್, ಅವೇ ಚೀಲ. ಹಾಗಾಗಿ ಗಂಜಿನಿಂದ ತಂದ ಬಿಳಿ ಜೋಳದಲ್ಲಿ ಅಲ್ಲೊಂದು ಇಲ್ಲೊಂದು ಗೋಧಿ ಕಾಳು ಇದ್ದೇ ಇರುತ್ತದೆ. ಇದನ್ನು ಹಿಡಿದದ್ದು ನಾನಲ್ಲ, ಅತ್ತಿ. ಹಸನು ಮಾಡಲು ಕೂತವರು ಮೊರದ ಮೂಲೆಯಿಂದ ಒಂದು ಕಾಳು ಎತ್ತಿ ಕನ್ನಡಕದ ಹತ್ತಿರ ಹಿಡಿದು, "ನೋಡಿಲ್ಲಿ, ನಿನ್ನ ವೈರಿ ಇಲ್ಲೇ ಅದಾನ" ಅಂದರು. ಅಲ್ಲಿಯವರೆಗೆ ಅವರು ಇದನ್ನು ಡಾಕ್ಟರರ ನಖರಾ ಅಂತಲೇ ತಿಳಿದಿದ್ದರು. ಆ ದಿನದಿಂದ ಆ ಕೆಲಸ ಅವರದ್ದೇ. ಕೇರಿ, ಆರಿಸಿ, ತೊಳೆದು, ಒಣಗಿಸಿ, ಮತ್ತೊಮ್ಮೆ ಆರಿಸಿಯೇ ಗಿರಣಿಗೆ ಹಾಕುತ್ತಾರೆ. ನಾನು ಶಾಲೆಯಿಂದ ಬಂದ ಮೇಲೆ ಬಟ್ಟಲಲ್ಲಿ ಕೂಡಿಟ್ಟ ಗೋಧಿ ಕಾಳು ತೋರಿಸುತ್ತಾರೆ. ಆಮೇಲೆ ಅದು ಗುಬ್ಬಿಗಳಿಗೆ.

ಅಡುಗೆಮನೆಯಲ್ಲಿ ನನ್ನ ಹಂಚು, ಸಾಣಿಗೆ, ಪರಾತ ಬೇರೆ. ಸಾಣಿಗೆ ಹಂಚಿಕೊಳ್ಳಲೇಬಾರದು, ಅದರ ಕಣ್ಣಿನಲ್ಲಿ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ಮನೆಯವರಿಗೂ ಮಗಳಿಗೂ ಚಪಾತಿ ಬೇಕು, ಅದನ್ನು ನಿಲ್ಲಿಸು ಅಂತ ನಾನು ಹೇಳಿಲ್ಲ. ನನ್ನ ರೊಟ್ಟಿ ಮೊದಲು ಆಗುತ್ತದೆ, ಬುಟ್ಟಿಯಲ್ಲಿಟ್ಟು ಮುಚ್ಚುತ್ತೇವೆ, ಆಮೇಲೆ ಚಪಾತಿ ಹಿಟ್ಟಿನ ಡಬ್ಬಿ ತೆರೆಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಆಗುವುದಿಲ್ಲ, ಫ್ಯಾನ್ ಹಾಕಿದರೆ ಹಿಟ್ಟು ಹಾರುತ್ತದೆ. ಅದಕ್ಕೆ ಮೇ ತಿಂಗಳಲ್ಲಿ ಮನೆಯಲ್ಲಿ ಚಪಾತಿಯೇ ಬಂದ್.

ಮನೆ ಹೊರಗಿನದು ಬೇರೆ ಕಥೆ. ನಮ್ಮ ಕಡೆ ಊಟ ಬೇಡ ಅನ್ನುವುದು ಬೈದಷ್ಟೇ ಕೆಟ್ಟದ್ದು. "ಒಂದು ತುತ್ತು ತಿಂದ್ರ ಏನಾಗ್ತದವ್ವ, ನನ್ನ ಆಣಿ ಅದ ನೋಡು" ಅಂತ ಹೋಳಿಗೆ ಹಿಡಿದು ನಿಲ್ಲುತ್ತಾರೆ. ಮೊದಮೊದಲು ಕರುಳು, ಪ್ರೋಟೀನು ಅಂತ ವಿವರಿಸುತ್ತಿದ್ದೆ. ಯಾರೂ ಕೇಳಲಿಲ್ಲ. ಈಗ "ಗೋಧಿ ತಿಂದ್ರೆ ನನಗ ರಕ್ತ ಇಳೀತದ, ಮತ್ತ ಬಾಟಲಿ ಹಚ್ಚಬೇಕಾಗ್ತದ" ಅಂತೀನಿ. ಬಾಟಲಿ ಅಂದ ಕೂಡಲೇ ಸುಮ್ನಾಗುತ್ತಾರೆ. ಮದುವೆ ಊಟದಲ್ಲಿ ಅನ್ನ ಮೊಸರಾದರೂ ತಿನ್ನಬಹುದಲ್ವಾ ಅಂದರೆ, ಪೂರಿ ಬಡಿಸಿದ ಕೈಯೇ ಅನ್ನ ಬಡಿಸುತ್ತದೆ, ಹುಗ್ಗಿಯ ಸೌಟು ಸಾರಿಗೆ ಹೋಗಿರುತ್ತದೆ. ನಾನು ಡಬ್ಬಿ ಒಯ್ಯುತ್ತೇನೆ, ಪಂಕ್ತಿಯಲ್ಲೇ ಕೂತು ಬಿಚ್ಚುತ್ತೇನೆ. ನನ್ನ ಶೇಂಗಾ ಹಿಂಡಿ ಪಕ್ಕದವರೂ ಕೇಳಿ ಹಾಕಿಸಿಕೊಳ್ಳುತ್ತಾರೆ. ಸತ್ಯನಾರಾಯಣ ಪೂಜೆಯ ಪ್ರಸಾದ ಪೂರ್ತಿ ಗೋಧಿ ರವೆ. ದೇವರ ಪ್ರಸಾದ ಏನೂ ಮಾಡಲ್ಲ ಅನ್ನುವವರ ಜೊತೆ ವಾದ ಮಾಡುವುದಿಲ್ಲ. ಚಮಚದಿಂದ ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ಮಗಳ ಕೈಗೆ ದಾಟಿಸಿ, ಕೈ ತೊಳೆದುಕೊಂಡು ಬರುತ್ತೇನೆ.

ಪ್ರಯಾಣ ಮಾತ್ರ ನಾನು ಹೆದರಿದಷ್ಟು ಕಷ್ಟ ಆಗಲಿಲ್ಲ. ಕಡಕ್ ರೊಟ್ಟಿ ಕಟ್ಟಿಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವಾಗ ರೊಟ್ಟಿ, ಹಿಂಡಿ, ಒಂದು ಡಬ್ಬಿ ಗಟ್ಟಿ ಮೊಸರು, ಈರುಳ್ಳಿ. ದುಬಾರಿ ಅಂಗಡಿಗಳಲ್ಲಿ ಗ್ಲುಟೆನ್ ಫ್ರೀ ಬ್ರೆಡ್ಡು, ಬಿಸ್ಕತ್ತು ಸಿಗುತ್ತವೆ, ಬೆಲೆ ನೋಡಿ ಮುಟ್ಟದೆ ಬಂದೆ. ಒಮ್ಮೆ ಯಾರೋ ತಂದು ಕೊಟ್ಟ ಬ್ರೆಡ್ ತಿಂದೆ. ನಮ್ಮ ರೊಟ್ಟಿ ಮುಂದೆ ಅದು ಏನೂ ಅಲ್ಲ, ಇದನ್ನು ಪಕ್ಷಪಾತ ಅಂದರೂ ಅನ್ನಲಿ.

ಹಬ್ಬಗಳಲ್ಲಿ ನನಗೆ ಈಗ ಎಳ್ಳ ಅಮಾವಾಸ್ಯೆಯೇ ದೊಡ್ಡದು. ಹೊಲದಲ್ಲಿ ಚರಗ ಚೆಲ್ಲಿ ಕೂತರೆ ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಜೋಳದ ಅಂಬಲಿ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಸೇರಿಸಿ ಕುದಿಸಿದ ಭಜ್ಜಿ. ಇಂಗಿನ ಒಗ್ಗರಣೆ, ಹೋಳಿಗೆ ಎರಡನ್ನು ಬಿಟ್ಟರೆ ಎಲ್ಲವೂ ನನ್ನದೇ. ಪಂಚಮಿಗೆ ಜೋಳದ ಅರಳು, ಎಳ್ಳುಂಡಿ, ಶೇಂಗಾ ಉಂಡಿ ನಡೆಯುತ್ತವೆ, ರವೆ ಉಂಡಿ ಇಲ್ಲ. ಯುಗಾದಿ ಕಷ್ಟ. ಜೋಳದ ಹಿಟ್ಟಿನ ಕಣಕದಲ್ಲಿ ಹೋಳಿಗೆ ಮಾಡಲು ಹೋಗಿ ಹಂಚಿನ ಮೇಲೆ ಹೂರ್ಣವೆಲ್ಲ ಹರಡಿ, ಅತ್ತಿ ಸೌಟಿನಿಂದ ಕೆರೆದು ತುಪ್ಪ ಹಾಕಿ ಬಟ್ಟಲಲ್ಲಿ ಕೊಟ್ಟರು. ಈಗ ಅಕ್ಕಿ ಹಿಟ್ಟಿನ ಕಡಬಿನೊಳಗೆ ಅದೇ ಹೂರ್ಣ ತುಂಬಿ ಆವಿಯಲ್ಲಿ ಬೇಯಿಸುತ್ತೇವೆ. ಕಟ್ಟಿನ ಸಾರಿಗೆ ಅಡ್ಡಿ ಇಲ್ಲ.

ಮೈಯಲ್ಲಿ ಬದಲಾವಣೆ ಒಮ್ಮೆಲೇ ಬರಲಿಲ್ಲ. ಹೊಟ್ಟೆ ಉಬ್ಬರ ಬೇಗ ಇಳಿಯಿತು. ಶುರುವಿನಲ್ಲಿ ಹಾಲೂ ಆಗುತ್ತಿರಲಿಲ್ಲ, ಸವೆದ ಕರುಳಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿಯೂ ಹೋಗಿರುತ್ತದಂತೆ. ಕೆಲವು ತಿಂಗಳ ಮೇಲೆ ಅದು ತಾನೇ ಸರಿಯಾಯಿತು. ಮೂಳೆಯ ಪರೀಕ್ಷೆ ಮಾಡಿದರು, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು. ಮನೆ ಗಿರಣಿ ಬಂದ ನಂತರದ ಪರೀಕ್ಷೆಯಲ್ಲಿ ಟಿಟಿಜಿ ಮಿತಿಯೊಳಗೆ ಬಂತು, ಹಿಮೋಗ್ಲೋಬಿನ್ 12 ಮುಟ್ಟಿತು. ಹಳೇ ಕಬ್ಬಿಣದ ಮಾತ್ರೆಗಳೇ, ಈಗ ಮೈಗೆ ಹತ್ತುತ್ತಿವೆ.

ಒಡಹುಟ್ಟಿದವರು, ತಂದೆ-ತಾಯಿ, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಬೇಕು ಅಂದಿದ್ದರು, ಹತ್ತಿರದ ರಕ್ತಸಂಬಂಧಿಗಳಲ್ಲಿ ಹೆಚ್ಚು ಕಡಿಮೆ ಹತ್ತರಲ್ಲಿ ಒಬ್ಬರಿಗೆ ಇರುತ್ತದೆ. ಮಗಳದ್ದು, ಅವ್ವನದ್ದು ಸರಿ ಇತ್ತು. ಮಗಳಿಗೆ ಮುಂದೆ ಮತ್ತೆ ನೋಡಬೇಕು, ಈಗ ಇಲ್ಲ ಅಂದರೆ ಯಾವಾಗಲೂ ಇಲ್ಲ ಅಂತಲ್ಲ. ಹುಮನಾಬಾದಿನಲ್ಲಿರುವ ತಂಗಿ "ನನಗೇನಾಗ್ಯದ, ಗಟ್ಟಿಮುಟ್ಟು ಇದ್ದೀನಿ" ಅಂತ ತಿಂಗಳುಗಟ್ಟಲೆ ಮುಂದೂಡಿ, ಕೊನೆಗೆ ನನ್ನ ಕಾಟಕ್ಕೆ ಮಾಡಿಸಿದಳು. ಅವಳಿಗೂ ಇದೆ. ಹೊಟ್ಟೆನೋವು ಒಂದು ದಿನವೂ ಬಂದವಳಲ್ಲ, ಥೈರಾಯ್ಡ್ ಮಾತ್ರ ಇತ್ತು. ಅವಳ ಮನೆಗೆ ಕೆಲವು ಸಲ ಬಸ್ಸಿನಲ್ಲಿ ಹಿಟ್ಟು ಕಳಿಸಿದೆ. ಜೋಳದ ಹಿಟ್ಟು ನಾಲ್ಕು ದಿನ ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿದರೆ ಅಂಚು ಬಿರಿಯುತ್ತದೆ ಅಂತ ಫೋನ್ ಮಾಡಿ ಬೈದಳು. ಈಗ ಅವರೂ ಕಂತಿನ ಮೇಲೆ ಗಿರಣಿ ತಗೊಳ್ಳುತ್ತಿದ್ದಾರೆ. ಅವಳ ಅತ್ತಿಯವರಿಗೆ ಕಾಳು ಹಸನು ಮಾಡುವ ಪಾಠ ನಮ್ಮ ಅತ್ತಿಯೇ ವಿಡಿಯೋ ಕಾಲ್‌ನಲ್ಲಿ ಮಾಡಿದ್ದಾರೆ, ಮೊರ ಫೋನಿಗೆ ಅಷ್ಟು ಹತ್ತಿರ ಹಿಡಿದು ಏನೂ ಕಾಣಲಿಲ್ಲವಂತೆ, ಭಾನುವಾರ ಮತ್ತೊಮ್ಮೆ ಇದೆ.